ಕೆಂಪಿಲ್ಲದ ದಾಳಿಂಬೆ

ತೈಲದ ಬೆಲೆ ಬಿದ್ದ ಮೇಲೆ ಮಸ್ಕತ್ತಿನ ವಾದಿ ಕಬೀರ್‌ ಬಡಾವಣೆಯ ನಮ್ಮ ಬೋರ್ಡು ಮುದ್ರಿಸುವ ಅಂಗಡಿಗೆ ಕೆಲಸ ಬರುವುದೇ ಅಪರೂಪವಾಯಿತು. ನಾನು ಧಾರವಾಡದವನು, ಯಂತ್ರಗಳ ಉಸ್ತುವಾರಿ ನನ್ನದು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಿದ್ದವಳು ಮೈಸೂರಿನ ಹೆಣ್ಣುಮಗಳು. ಒಳನಾಡಿನ ಇಬ್ರಾ ಊರಿನ ಮಕ್ಕಳ ಕ್ಲಿನಿಕ್ಕೊಂದರ ಗೋಡೆಗೆ ದಾಳಿಂಬೆ ತೋಟ ಬೇಕೆಂದು ಆರ್ಡರ್ ಬಂತು. ಇದು ಕೈತಪ್ಪಿದರೆ ಅವಳ ವೀಸಾ ರದ್ದು ಮಾಡಬೇಕಾಗುತ್ತದೆ ಎಂದು ಮಂಗಳೂರಿನವರಾದ ನಮ್ಮ ಮಾಲೀಕರು ಹೇಳಿಬಿಟ್ಟಿದ್ದರು.

ಅವಳ ಕೆಲಸ ನೋಡಿದರೆ ನನಗೆ ಎದೆ ಝಲ್ಲೆನ್ನುತ್ತಿತ್ತು. ಗೆರೆ ಎಳೆಯುವವಳೇ ಅಲ್ಲ. ಪರದೆಯ ಮೇಲೆ ಗಿಳಿಹಸಿರು, ಅರಿಶಿನ, ಕಡುನೀಲಿ ರಾಚಿ, ಆ ಬಣ್ಣದ ಮುದ್ದೆಗಳನ್ನೇ ಕೊರೆದು ಎಲೆ, ಹಕ್ಕಿ ಹೊರತೆಗೆಯುತ್ತಿದ್ದಳು. ಆಮೇಲೆ ಚಿತ್ರವನ್ನು ತಲೆಕೆಳಗು ಮಾಡಿ ನೋಡುವಳು. ಆಗಲೂ ಕಣ್ಣು ಸೆಳೆದರಷ್ಟೇ ಮುಂದಿನ ಮಾತು. ಊರಿಗೆ ಊರೇ ಬಿಳಿ ಗೋಡೆಯಾಗಿರುವಲ್ಲಿ ಈ ಧೈರ್ಯ ಎಲ್ಲಿಂದ ಬಂತೋ!

ಮುದ್ರಿಸುವ ಹೊತ್ತಿಗೆ ಯಂತ್ರದಲ್ಲಿ ಗುಲಾಬಿ ಶಾಯಿ ಚಿಮ್ಮಿಸುವ ಹೆಡ್ ಕೈಕೊಟ್ಟಿತು. ಆ ಶಾಯಿಯಿಲ್ಲದೆ ಕೆಂಪು ಹುಟ್ಟುವುದಿಲ್ಲ. ಹೊಸದು ತರಿಸಲು ಮಾಲೀಕರು ಸುತರಾಂ ಒಪ್ಪಲಿಲ್ಲ.

"ಕೆಂಪ ಇಲ್ದ ಹಣ್ಣ ಹೆಂಗ ತಗೀತೀರಿ?" ಎಂದೆ.

"ಸುತ್ತ ಏನಿರುತ್ತೆ ಅಂತ ನೋಡ್ಕೊಂಡ್ರೆ ಆಯ್ತು ಸರ್," ಎಂದಳು.

ಇಡೀ ತೋಟವನ್ನು ಹಸಿರು ಮಿಶ್ರಿತ ತಿಳಿನೀಲಿಯಲ್ಲಿ ಅದ್ದಿದಳು. ಹಣ್ಣುಗಳಿಗೆ ಬರೀ ಕಪ್ಪು ಶಾಯಿಯಿಂದ ಬರುವ ಬೂದು ಬಣ್ಣ. ಖಲಾಸ್, ಇವಳು ಊರಿಗೆ ಹೊರಟಂತೆಯೇ ಅಂದುಕೊಂಡೆ. ಹಾಳೆ ಯಂತ್ರದಿಂದ ಹೊರಬಂತು. ಹಣ್ಣುಗಳು ಕೆಂಪಾಗಿದ್ದವು! ನಂಬದೆ, ಬಿಳಿ ಕಾಗದಕ್ಕೆ ತೂತು ಮಾಡಿ ಒಂದು ಹಣ್ಣಿನ ಮೇಲಿಟ್ಟೆ. ತೂತಿನೊಳಗೆ ಬೂದು. ಕಾಗದ ತೆಗೆದೆ, ಕೆಂಪು. ಮತ್ತೆ ಇಟ್ಟೆ, ಮತ್ತೆ ಬೂದು. ಸುತ್ತಲಿನ ಹಸಿರುನೀಲಿಯೇ ಕಣ್ಣಿಗೆ ಆ ಬೂದನ್ನು ಕೆಂಪಾಗಿ ತೋರಿಸುತ್ತಿತ್ತು. ಶಾಯಿಯಲ್ಲೇ ಆಯುಷ್ಯ ಸವೆಸಿದ ನನ್ನ ಮೈ ಜುಮ್ಮೆಂದಿತು.

ಇಬ್ರಾಕ್ಕೆ ಹೋಗಿ ಅಂಟಿಸಿದೆವು. ಕ್ಲಿನಿಕ್ಕಿನ ಒಮಾನಿ ಡಾಕ್ಟರು ಬಹಳ ಹೊತ್ತು ನೋಡುತ್ತ ನಿಂತರು. ತಮ್ಮ ನಾಡಿನ ಬೆಟ್ಟದ ದಾಳಿಂಬೆಯ ಕೆಂಪು ಇದೇ ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಪಕ್ಕದ ಬಿಳಿ ಬಾಗಿಲು ತೋರಿಸಿ, ಅಲ್ಲಿಗೆ ಇದೇ ಬಣ್ಣದ ಒಂದೇ ಒಂದು ಹಣ್ಣು ಹಚ್ಚಿಕೊಡಿ ಅಂದುಬಿಟ್ಟರು. ಬರೀ ಬಿಳಿಯ ಮೇಲೆ ಅದು ಬೂದು ಬಣ್ಣವೇ ತಾನೆ?

ಅವಳು ಅಳುಕಲಿಲ್ಲ. ತನ್ನ ಹಣ್ಣು ಒಂಟಿಯಾಗಿ ಬರುವುದಿಲ್ಲ, ತೋಟದ ಸಮೇತವೇ ಬರುವುದು ಎಂದು ಹಿಂದಿಯಲ್ಲಿ ಹೇಳಿದಳು. ಡಾಕ್ಟರು ನಕ್ಕರು. ಹಾಗಾದರೆ ಎಲ್ಲ ಬಾಗಿಲುಗಳಿಗೂ ತೋಟ ಬರಲಿ ಎಂದರು.

ಸುದ್ದಿ ಕೇಳಿದ ಮಾಲೀಕರು ವೀಸಾದ ಮಾತು ಬಿಟ್ಟು, ಹೊಸ ಹೆಡ್ ತರಿಸಲು ಫೋನೆತ್ತಿಕೊಂಡರು.

"ಈ ಬಾಗಿಲುಗಳು ಮುಗಿಯೋವರೆಗೂ ಬೇಡ ಸರ್, ಶಾಯಿಯ ಕೆಂಪು ಗೋಡೆಯ ಕೆಂಪಿಗೆ ಹೊಂದಲ್ಲ," ಎಂದಳು ಅವಳು.