ಮಾತು ನಿಲ್ಲುವಷ್ಟು ನಡೆಯಬಾರದು

ದೇಹವು ನಶ್ವರ, ದಿನದಿನಕ್ಕೂ ಕ್ಷಯಿಸತಕ್ಕದ್ದು ಎಂದು ಜ್ಞಾನಿಗಳೆಲ್ಲ ಒಕ್ಕೊರಲಿನಿಂದ ಸಾರಿದ್ದಾರೆ. ಅವರು ನನ್ನ ದೇಹವನ್ನು ನೋಡಿರಲಿಲ್ಲ. ಮದುವೆಯಾದಾಗಿನಿಂದ ಹೋದ ವರ್ಷದವರೆಗೆ ಅದು ಕ್ಷಯಿಸಿದ ಒಂದು ನಿದರ್ಶನವೂ ನನ್ನ ಗಮನಕ್ಕೆ ಬಂದಿರಲಿಲ್ಲ. ನಮ್ಮ ದರ್ಜಿ ಅಳತೆಯ ಟೇಪು ಹಿಡಿದು ನನ್ನ ಸುತ್ತ ಬರುವಾಗ, ಪ್ರದಕ್ಷಿಣೆಗೆ ಹೊರಟ ಭಕ್ತನಂತೆ ಗಂಭೀರನಾಗುತ್ತಾನೆ.

ಮಧುಗಿರಿಯಲ್ಲಿ ದಪ್ಪಗಿರುವುದು ಬೇರೆ ಊರಿನಲ್ಲಿ ದಪ್ಪಗಿದ್ದಂತಲ್ಲ. ಇಲ್ಲಿ ಯಾವ ಬೀದಿಯಲ್ಲಿ ನಿಂತು ತಲೆಯೆತ್ತಿದರೂ ಏಕಶಿಲೆಯ ಬೆಟ್ಟವೊಂದು ಕೋಟೆಯನ್ನು ಹೊತ್ತು, 'ಯಾವಾಗ ಬರುತ್ತೀಯೆ?' ಎಂದು ಕೇಳುವಂತೆ ನಿಂತಿರುತ್ತದೆ. ನಮ್ಮೂರಿನ ವೈದ್ಯಶಾಸ್ತ್ರವೆಲ್ಲ ಈ ಬಂಡೆಯಲ್ಲೇ ಅಡಗಿದೆ. ಸಕ್ಕರೆ ಕಾಯಿಲೆಗೆ ಬೆಟ್ಟ, ಬೊಜ್ಜಿಗೆ ಬೆಟ್ಟ, ಮೊಣಕಾಲು ನೋವಿಗೂ ಬೆಟ್ಟ. ಮಗಳಿಗೆ ಗಂಡು ಗೊತ್ತಾಗದಿದ್ದರೂ ಯಾರಾದರೊಬ್ಬರು ಅತ್ತ ಕೈ ತೋರಿಸುತ್ತಾರೆ. ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ನಾನಾದರೋ ಕೋಟೆಯ ಮುತ್ತಿಗೆಗಳನ್ನೆಲ್ಲ ಬುಡದಲ್ಲಿ ನಿಂತೇ ವರ್ಣಿಸಿ ನಿವೃತ್ತನಾದವನು. ಶತ್ರುಸೈನ್ಯದ ಬಹುಭಾಗವೂ ಬುಡದಲ್ಲೇ ನಿಂತಿತ್ತೆಂಬುದು ನನ್ನ ಸಮಾಧಾನ.

ಮಹಡಿಯ ಮೆಟ್ಟಿಲೇರುವಾಗಲೂ ಏದುಸಿರು ಬರತೊಡಗಿದ ಮೇಲೆ ನನ್ನ ಹೆಂಡತಿ ಜಯಮ್ಮ ನನ್ನನ್ನು ತುಮಕೂರಿನ ಹೃದಯದ ಡಾಕ್ಟರರ ಮುಂದೆ ಹಾಜರುಪಡಿಸಿದಳು. ಎದೆಗೆ ತಂತಿಗಳನ್ನು ಅಂಟಿಸಿ, ಇಸಿಜಿ ತೆಗೆದು, ರಕ್ತದೊತ್ತಡ ನೋಡಿ, ಆ ತರುಣ ವೈದ್ಯರು ಕೊಟ್ಟ ತೀರ್ಪು ಹೀಗಿತ್ತು: ನಡೆಯಬೇಕು, ಆದರೆ ಸಮತಟ್ಟು ನೆಲದಲ್ಲಿ, ಮೊದಲು ಹತ್ತೇ ನಿಮಿಷ, ವಾರ ಕಳೆದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚು, ಆರಂಭದಲ್ಲೂ ಕೊನೆಯಲ್ಲೂ ಇನ್ನಷ್ಟು ನಿಧಾನ. ಎದೆ ಬಿಗಿದರೆ, ತಲೆ ಸುತ್ತಿದರೆ, ತಣ್ಣನೆಯ ಬೆವರು ಬಂದರೆ ಅಲ್ಲೇ ನಿಂತು ಆಸ್ಪತ್ರೆಗೆ ಬರಬೇಕು. ಮಗಳು ಕೊಡಿಸಿದ್ದ, ಎದೆಬಡಿತವನ್ನು ಎಣಿಸುವ ಕೈಗಡಿಯಾರವನ್ನು ನಾನು ಹೆಮ್ಮೆಯಿಂದ ಮುಂದೆ ಚಾಚಿದೆ.

"ಇದನ್ನ ನಂಬ್ಕೋಬೇಡಿ ಸಾರ್. ನೀವು ತಗೊಳ್ಳೋ ಬಿಪಿ ಮಾತ್ರೆ ಎದೆಬಡಿತನ ಹಿಡಿದಿಟ್ಟಿರುತ್ತೆ. ನಿಮಗೆ ಸುಸ್ತಾಗಿದ್ರೂ ಇದು ಆರಾಮಾಗಿದೀರಿ ಅನ್ನುತ್ತೆ. ನಡೀತಾ ಮಾತಾಡಿ. ಪೂರ್ತಿ ವಾಕ್ಯ ಬಂದ್ರೆ ಸರಿ. ಹಾಡು ಬಂದ್ರೆ ಇನ್ನೂ ಸ್ವಲ್ಪ ಬಿರುಸಾಗಿ ನಡೀಬಹುದು. ಮಾತೇ ಬರದಿದ್ರೆ ನಿಧಾನ ಮಾಡಿ."

ನಾನು ಹಾಡಿದರೆ ಅಪಾಯ ಬೇರೆಯವರ ಹೃದಯಕ್ಕೆ. ಹಾಗಾಗಿ ಮಾತೇ ಗತಿಯಾಯಿತು. ಮಾತಿಗೆ ಜಯಮ್ಮ ಜೊತೆಯಾದಳು. ಇಷ್ಟು ವರ್ಷ ಅವಳ ಸಕಲ ಪ್ರಶ್ನೆಗಳಿಗೂ ನಾನು ಪತ್ರಿಕೆಯ ಹಿಂದಿನಿಂದ 'ಹೂಂ' ಎಂಬ ಏಕಾಕ್ಷರವನ್ನಷ್ಟೇ ದಯಪಾಲಿಸಿದ್ದೆ. ಈಗ ಶಿರಾ ರಸ್ತೆಯಲ್ಲಿ ಮುಂಜಾನೆ ಅವಳು ಕೇಳಿದ್ದಕ್ಕೆಲ್ಲ ಕರ್ತೃ, ಕರ್ಮ, ಕ್ರಿಯಾಪದಗಳೊಡನೆ ಉತ್ತರಿಸುವುದು ವೈದ್ಯಕೀಯವಾಗಿ ಅನಿವಾರ್ಯ. 'ಹೂಂ' ಎಂದರೆ ತಕ್ಷಣ ತಡೆದು ನಿಲ್ಲಿಸುತ್ತಿದ್ದಳು.

"ಅದೆಲ್ಲ ಆಗಾಕಿಲ್ಲ. ಉಸ್ರು ಕಟ್ಟೈತೋ, ಹಳೇ ಚಾಳಿಯೋ, ನಂಗೆ ಹೆಂಗ್ ಗೊತ್ತಾಗ್ಬೇಕು? ನೆಟ್ಟಗೆ ಮಾತಾಡಿ."

ಹೀಗೆ ತಿಂಗಳು ಕಳೆಯುವಷ್ಟರಲ್ಲಿ ಹತ್ತು ನಿಮಿಷ ಇಪ್ಪತ್ತಾಯಿತು, ನಮ್ಮ ದಾಂಪತ್ಯದ ಬಾಕಿ ವ್ಯವಹಾರಗಳೂ ಒಂದೊಂದಾಗಿ ಇತ್ಯರ್ಥವಾಗತೊಡಗಿದವು. ಆದರೆ ಆಮೆಯ ನಡಿಗೆಗೆ ಯಾವ ಊರಿನಲ್ಲಿ ಮರ್ಯಾದೆಯಿದೆ? ಬೆಳಗಿನ ನಡಿಗೆಯವರೆಲ್ಲ ಕೊನೆಗೆ ಸೇರುವ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಹನುಮಂತರಾಯಪ್ಪ ಬೆಣ್ಣೆಯ ಉಂಡೆಯನ್ನು ಇಡ್ಲಿಯ ಮೇಲೆ ಸವರುತ್ತ ನನ್ನ ವಿಚಾರಣೆ ಶುರುಮಾಡಿದ. ಇವನು ಹೈಸ್ಕೂಲಿನ ನಿವೃತ್ತ ಪಿ.ಟಿ. ಮೇಷ್ಟ್ರು; ವಾರಕ್ಕೊಮ್ಮೆ ಬೆಟ್ಟ ಹತ್ತುವವನು, ಉಳಿದ ದಿನ ಅದನ್ನು ಹೇಳುವವನು.

"ಏನ್ ಮೇಷ್ಟ್ರೇ, ಹೆಂಡ್ತಿ ಜೊತೆ ಮಾತಾಡ್ಕಂಡು ಹೋಗದೂ ಒಂದ್ ವ್ಯಾಯಾಮವಾ? ಒಂದ್ಸಲ ಬೆಟ್ಟ ಹತ್ತಿ ಇಳುದ್ಬುಡಿ, ಬಿಪಿ ಗಿಪಿ ಎಲ್ಲಾ ಆಂಧ್ರಕ್ಕೆ ಓಡೋಯ್ತದೆ!"

"ಅಂಗಾದ್ರೆ ಬೆಟ್ಟಕ್ಕೆ ಕ್ರೇನ್ ತರ್ಸಬೇಕಾಯ್ತದೆ," ಎಂದು ಪಕ್ಕದ ಮೇಜಿನಿಂದ ಯಾರೋ ಅಂದರು. ಹೋಟೆಲಿಗೆ ಹೋಟೆಲೇ ನಕ್ಕಿತು. ನಗುವಿನ ಬಿಸಿಯಲ್ಲಿ ವಿವೇಕ ಕರಗುವುದು ಬೆಣ್ಣೆಗಿಂತ ಬೇಗ. "ಭಾನುವಾರ ಹತ್ತುತ್ತೇನೆ," ಎಂದುಬಿಟ್ಟೆ.

ಭಾನುವಾರ ಬುಡದಲ್ಲಿ ಒಂದು ಸಣ್ಣ ಮೆರವಣಿಗೆಯೇ ನೆರೆದಿತ್ತು. ಜಯಮ್ಮ ಜಗಳವಾಡಲಿಲ್ಲ, ಸೆರಗು ಸಿಕ್ಕಿಸಿ ನನ್ನ ಹಿಂದೆಯೇ ಹೊರಟಳು. ಮೊದಲ ಮೆಟ್ಟಿಲುಗಳು ಸೌಜನ್ಯದಿಂದಿದ್ದವು. ಆಮೇಲೆ ಬಂಡೆ ತನ್ನ ನಿಜಸ್ವರೂಪ ತೋರಿಸಿತು. ಕೋಟೆಯ ಮೊದಲ ಬಾಗಿಲು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ನನ್ನ ಕಿವಿಯೊಳಗೆ ಯಾರೋ ತಮಟೆ ಬಾರಿಸುತ್ತಿದ್ದರು. ಕೈಗಡಿಯಾರ ಮಾತ್ರ ಹಸಿರು ದೀಪ ಬೆಳಗಿಸಿ ನನ್ನ ಕ್ಷೇಮವನ್ನು ಘೋಷಿಸುತ್ತಿತ್ತು.

"ಏನ್ರೀ, ರಾಗಿ ಮಿಲ್‌ಗೆ ಇವತ್ತು ಹಾಕ್ಸದಾ, ನಾಳೆನಾ?" ಎಂದು ಜಯಮ್ಮ ಕೇಳಿದಳು.

'ನಾಳೆ' ಎಂಬ ಎರಡಕ್ಷರ ಗಂಟಲಲ್ಲಿ ಸಿಕ್ಕಿಕೊಂಡಿತು. ಬಾಯಿ ತೆರೆದೆ, ಗಾಳಿ ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ. ಅವಳ ಮುಖ ಬಣ್ಣಗೆಟ್ಟಿತು.

"ನಿಂತ್ಕಳಿ. ಸಾಕು."

"ಏ, ಇನ್ನೇನ್ ಬಾಗ್ಲು ಇಲ್ಲೇ ಐತೆ ಕಣಮ್ಮ!" ಎಂದು ಹನುಮಂತರಾಯಪ್ಪ ಮೇಲಿನಿಂದ ಕೂಗಿದ. "ಹಲ್ಲು ಕಚ್ಕಂಡು ಬಂದ್ಬುಡಿ ಮೇಷ್ಟ್ರೇ, ಊರು ನೋಡ್ತೈತೆ!"

ಊರು ನೋಡುತ್ತಿತ್ತು, ನಿಜ. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಇಷ್ಟೇ: ಊರು ನೋಡಿದ ಮೇಲೆ ಇಡ್ಲಿ ತಿನ್ನಲು ಹೋಗುತ್ತದೆ, ಈ ಹೃದಯವನ್ನು ಮನೆಗೆ ಹೊತ್ತೊಯ್ಯಬೇಕಾದವನು ನಾನೊಬ್ಬನೇ. ಧೈರ್ಯವೆಂದರೆ ಹತ್ತುವುದು ಎಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೆ. ನಾಲ್ಕು ಜನರ ಎದುರು ನಡುದಾರಿಯಲ್ಲಿ ಕುಳಿತುಕೊಳ್ಳಲು ಬೇಕಾಗುವ ಧೈರ್ಯ ಯಾವ ಪಠ್ಯದಲ್ಲೂ ಇರಲಿಲ್ಲ. ಕುಳಿತೆ. ಎದೆ ಬಿಗಿದಿಲ್ಲ, ತಲೆ ಸುತ್ತಿಲ್ಲ ಎಂದು ಜಯಮ್ಮನಿಗೆ ತಲೆಯಾಡಿಸಿಯೇ ಖಾತ್ರಿ ಕೊಟ್ಟೆ. ತಮಟೆ ನಿಧಾನವಾಗಿ ದೂರದ ಬೀದಿಗೆ ಹೋಯಿತು. ಮೊದಲ ಪೂರ್ಣ ವಾಕ್ಯ ಕೂಡಿಬಂದಾಗ ಅದನ್ನು ಮೇಲಕ್ಕೆಸೆದೆ.

"ಹನುಮಂತರಾಯಪ್ಪ, ಬೆಟ್ಟ ಮುಂದಿನ ವರ್ಷನೂ ಇಲ್ಲೇ ಇರ್ತದೆ. ನಾನೂ ಇರೋಣ ಅಂತ ಇದೀನಿ."

ಕೆಳಗೆ ನಗು ಎದ್ದಿತು. ಅದು ನನ್ನ ಮೇಲೋ ಅವನ ಮೇಲೋ ನಿರ್ಧರಿಸುವ ಗೋಜಿಗೆ ಹೋಗದೆ, ಕಡಿದಾದ ಕಡೆಗಳಲ್ಲಿ ಕುಳಿತುಕೊಂಡೇ ಜಾರುತ್ತ, ಪಂಚೆಯ ಹಿಂಭಾಗವನ್ನು ಬಂಡೆಗೆ ಅರ್ಪಿಸಿ, ಇತಿಹಾಸದ ಯಾವ ಸೇನಾಪತಿಯೂ ಮಾಡಿರದ ರೀತಿಯಲ್ಲಿ ಹಿಮ್ಮೆಟ್ಟಿದೆ. ರಾಗಿಯನ್ನು ನಾಳೆ ಹಾಕಿಸೋಣವೆಂದು ದಾರಿಯಲ್ಲಿ ಸವಿಸ್ತಾರವಾಗಿ ತಿಳಿಸಿದೆ.

ಮರುದಿನ ತುಮಕೂರಿಗೆ ಹೋಗಿ, ವೈದ್ಯರಿಂದ ಬೈಸಿಕೊಂಡು, ಇನ್ನೊಂದು ಇಸಿಜಿ ತೆಗೆಸಿಕೊಂಡು ಬಂದೆ. ಹೃದಯಕ್ಕೆ ಏನೂ ಆಗಿರಲಿಲ್ಲ. ಅದರ ಮರುದಿನ ಮತ್ತೆ ಶಿರಾ ರಸ್ತೆ, ಮತ್ತೆ ಪೂರ್ತಿ ವಾಕ್ಯಗಳು. ಹೋಟೆಲಿನಲ್ಲಿ ನನ್ನನ್ನು ಕೆಲವು ದಿನ 'ಅರ್ಧ ಬೆಟ್ಟ' ಎಂದು ಕರೆದರು. ಪೂರ್ತಿ ಮನುಷ್ಯನಾಗಿ ಉಳಿದವನಿಗೆ ಅದೇನು ಮಹಾ ಅವಮಾನ? ಈ ವರ್ಷ ನನ್ನ ತೂಕ ಒಂಬತ್ತು ಕಿಲೋ ಇಳಿದಿದೆ. ದಿನಕ್ಕೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಬೆಟ್ಟದ ತುದಿಯನ್ನು ನಾನಿನ್ನೂ ಮುಟ್ಟಿಲ್ಲ.