ಮಂಚದಡಿಯ ಅಂಟು

ಮಂಚದ ಸಡಿಲ ಕಾಲನ್ನು ಬಿಗಿ ಮಾಡೋಣವೆಂದು ಮೊನ್ನೆ ಅದರಡಿ ತೂರಿದೆ. ಪಟ್ಟಿಯ ಒಳಮೈಗೆ ಕಪ್ಪನೆಯ ಅಂಟಿನುಂಡೆಗಳು ಗಟ್ಟಿಯಾಗಿ ಮೆತ್ತಿಕೊಂಡಿದ್ದವು. ಒಂದನ್ನು ಕೆರೆದು ಮೂಸಿದೆ. ಧೂಪದ ಜೊತೆ ಕಹಿ ಬೆರೆತ ಆ ವಾಸನೆ ನನಗೆ ಮರೆತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಕಾಮಾಲೆಯಾಗಿದ್ದಾಗಿನ ಮಾತು. ಹೊಸದುರ್ಗದ ಡಾಕ್ಟರು ರಕ್ತ ನೋಡಿ, ವಿಶ್ರಾಂತಿ, ಪಥ್ಯ ಎಂದರು. ನೀವೇ ಹೇಳಿ, ಬರೀ ವಿಶ್ರಾಂತಿಯನ್ನು ಯಾರಾದರೂ ಔಷಧಿ ಎನ್ನುತ್ತಾರೆಯೇ? ಅವ್ವ ಬಸ್ಸು ಹತ್ತಿ ಹೋಗಿ, ಮತ್ತೋಡಿನ ಕಡೆ ಕುರಿ ಕಾಯುವ ಅಜ್ಜನೊಬ್ಬನಿಂದ ಮರದಂಟಿನ ಉಂಡೆಗಳನ್ನು ತಂದಳು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಜ್ಜಿಗೆಯ ಜೊತೆ ನುಂಗಬೇಕು. ಯಾವ ಮರ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಮದ್ದಿನ ಗುಣ ಹೋಗುತ್ತದಂತೆ.

ನಾನೋ, ಹಾಲಿನವನ ಎದುರಿಗೇ ಹಾಲು ಮೂಸಿ ನೋಡುವ ಪೈಕಿ. ಉಂಡೆಯೊಂದನ್ನು ಕದ್ದು ಡಾಕ್ಟರ ಮೇಜಿನ ಮೇಲಿಟ್ಟೆ.

"ಕೆಲವು ಅಂಟು ಇಲಿಗಳ ಲಿವರಿಗೆ ಒಳ್ಳೇದು ಮಾಡಿದ್ದುಂಟು. ನಿಮ್ಮಪ್ಪಾರು ಇಲಿ ಅಲ್ಲವಲ್ಲ. ಇದು ಯಾವ ಅಂಟು, ಏನ್ ಬೆರೆಸವ್ರೆ ಅಂತ ತಿಳೀದೆ ಏನ್ ಹೇಳ್ಲಿ? ಕಾಮಾಲೆ ಎಷ್ಟೋ ಸಲ ತಾನೇ ಇಳೀತೈತೆ. ಕೆಲವು ಇಳಿಯಲ್ಲ, ಅವು ಜೀವ ತಗೀತವೆ" ಎಂದರು.

ಹೌದು ಎನ್ನದ, ಇಲ್ಲ ಎನ್ನದ ಆ ಮಾತಿನ ಮೇಲೂ ನನಗೆ ಅನುಮಾನ ಬಂತು. ಅಷ್ಟರಲ್ಲಿ ಅಪ್ಪ ಎದ್ದು ಓಡಾಡಿದರು, ನನ್ನ ಬಾಯಿ ಮುಚ್ಚಿತು. ಅಂದಿನಿಂದ ಕಣ್ಣು ಹಳದಿಯಾದವರಿಗೆಲ್ಲ ಅವ್ವ ಅಜ್ಜನ ದಾರಿ ತೋರಿಸುತ್ತ ಬಂದಳು.

ಮೊನ್ನೆ ಮಂಚದಡಿಯಿಂದ ಕೆರೆದ ಉಂಡೆ ಹಿಡಿದು ಅಪ್ಪನ ಮುಂದೆ ನಿಂತೆ.

"ಮೆಲ್ಲಗೆ ಮಾತಾಡಲೇ" ಎಂದರು. "ಆ ಕಹಿ ಯಾವನ್ ನುಂಗ್ತಾನೆ? ನಿಮ್ಮವ್ವ ಅತ್ಲಾಗೆ ತಿರುಗಿದ ಕೂಡ್ಲೇ ಉಗುಳಿ ಅಲ್ಲಿ ಮೆತ್ತಿಬಿಡ್ತಿದ್ದೆ."

ನಗು ಬಂತು, ಆದರೆ ನಗಲಾಗಲಿಲ್ಲ. ಹೊರಗೆ ಜಗಲಿಯಲ್ಲಿ ಪಕ್ಕದ ಮನೆಯ ಟೈಲರ್ ಶಬ್ಬೀರ್ ಕೂತಿದ್ದ. ಅವನ ಹೆಂಡತಿ ತುಂಬಿದ ಬಸುರಿ, ಅವಳ ಕಣ್ಣು ಹಳದಿಯಾಗಿತ್ತು. ಅವ್ವ ಅವನಿಗೆ ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಹೇಳಿಕೊಡುತ್ತಿದ್ದಳು. "ನಮ್ ಯಜಮಾನ್ರನ್ನೇ ನೋಡ್ರಿ, ಗುಂಡುಕಲ್ಲಂಗವ್ರೆ."

ಅಪ್ಪನಿಗೂ ಅದು ಕೇಳಿಸಿತು. ನನ್ನ ಕೈಯಿಂದ ಉಂಡೆ ಇಸಿದುಕೊಂಡು ಹೊರಗೆ ಹೋದರು.

"ಶಬ್ಬೀರ್ ಭಾಯ್, ನಾನಿದನ್ನ ನುಂಗೇ ಇಲ್ಲ, ಮಂಚಕ್ಕೆ ಮೆತ್ತಿದ್ದೆ. ಈಗ್ಲೇ ದೊಡ್ಡಾಸ್ಪತ್ರೆಗೆ ಕರ್ಕಂಡ್ ಹೋಗ್ರಿ."

ಶಬ್ಬೀರ್ ಎದ್ದವನೇ ಆಟೋ ತರಲು ಓಡಿದ. ಅಜ್ಜನನ್ನೂ ಡಾಕ್ಟರನ್ನೂ ಅನುಮಾನಿಸಿದ ನಾನು, ಅಪ್ಪನ ಖಾಲಿ ಮಜ್ಜಿಗೆ ಲೋಟವನ್ನು ಮಾತ್ರ ಒಮ್ಮೆಯೂ ಅನುಮಾನಿಸಿರಲಿಲ್ಲ.

ಅವ್ವ ಉಂಡೆಯನ್ನು ತೆಗೆದುಕೊಂಡು ಮೂಸಿದಳು. ಅಪ್ಪನ ಮೇಲೆ ರೇಗಲಿಲ್ಲ.

"ನಾನ್ ಕಳಿಸ್ದೋರಲ್ಲಿ ಹುಷಾರಾದೋರು ಬಂದು ಹೇಳಿ ಹೋದ್ರು" ಎಂದಳು. "ಬರದೇ ಇದ್ದೋರು ಏನಾದ್ರು?"