ಮಾದೇವಣ್ಣನ ಎಡಗಾಲು

ಕಳೆದ ವರ್ಷ ಜೂನ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ, ವಯನಾಡಿನ ಸುಲ್ತಾನ್ ಬತ್ತೇರಿಯ ತಮ್ಮ ಕಟಿಂಗ್ ಶಾಪಿನಲ್ಲಿ ಮಾದೇವಣ್ಣನ ಎಡಗಾಲಿನ ಉಬ್ಬಿದ ನರ ಒಡೆಯಿತು. ಆಗ ಅವರು ನನ್ನ ತಲೆಯ ಬಲಭಾಗ ಮುಗಿಸಿ ಎಡಕ್ಕೆ ಬಂದಿದ್ದರು.

ಮಾದೇವಣ್ಣ ಗುಂಡ್ಲುಪೇಟೆ ಕಡೆಯವರು. ಇಪ್ಪತ್ತರ ಪ್ರಾಯದಲ್ಲಿ ಬತ್ತೇರಿಗೆ ಬಂದು, ಅರವತ್ತು ದಾಟುವವರೆಗೂ ಒಂದೇ ಕುರ್ಚಿಯ ಸುತ್ತ ನಿಂತವರು. ನಮ್ಮಲ್ಲಿ ಗಂಡಸರು ಪಂಚೆಯನ್ನು ಮಂಡಿಯ ಮೇಲೆ ಮಡಚಿ ಕಟ್ಟಿಕೊಂಡು ಓಡಾಡುತ್ತಾರೆ, ಹಿರಿಯರು ಎದುರಾದರೆ ಇಳಿಸುತ್ತಾರೆ. ಮಾದೇವಣ್ಣನ ಪಂಚೆ ಕಾಲೇಜು ಹುಡುಗರ ಮುಂದೆಯೂ ಪಾದ ಮುಟ್ಟುತ್ತಿತ್ತು. ಊರು ಅದನ್ನು ಮರ್ಯಾದೆ ಎಂದುಕೊಂಡಿತ್ತು. ಪೇಟೆಯ ಹಳೆಯ ಅಂಗಡಿಗಳ ಬಗ್ಗೆ ನಮ್ಮ ಪತ್ರಿಕೆಗೆ ಬರೆದಾಗ, ಎಲ್ಲರಿಗೂ ಪಂಚೆ ಇಳಿಸುವ ಮನುಷ್ಯ ಎಂದು ನಾನೂ ಬರೆದೆ. ಅವರು ಓದಿಸಿಕೊಂಡು ಕೇಳಿ, “ಚೆನ್ನಾಗದೆ, ಪೇಪರ್ನೋರೆ” ಎಂದರು. ತಿದ್ದಲಿಲ್ಲ.

ಮೂಲೆಯಲ್ಲೊಂದು ಸ್ಟೂಲು ಇತ್ತು. ಅದರ ಮೇಲೆ ಟವೆಲ್ಲುಗಳು ಕೂರುತ್ತಿದ್ದವು, ಅವರು ಕೂರುತ್ತಿರಲಿಲ್ಲ. ಯಾಕೆಂದು ಕೇಳಿದರೆ ಒಂದೇ ಮಾತು: “ಕೂತ್ಕಂಡು ಕತ್ರಿ ಹಿಡದ್ರೆ ಅರ್ಧ ತಲೆ ಕಾಣ್ತದೆ. ಪೂರ್ತಿ ತಲೆ ನಿಂತವನಿಗೇ ಕಾಣೋದು.”

ಆ ಶನಿವಾರ ನೆಲದ ಕೂದಲಿನ ಮೇಲೆ ರಕ್ತ ಕಂಡು ಬ್ಲೇಡ್ ತಾಗಿತೇ ಎಂದು ಕೇಳಿದೆ. ಅವರು ಪಂಚೆ ಎತ್ತಿದರು. ಮಂಡಿಯಿಂದ ಹಿಮ್ಮಡಿಯವರೆಗೆ ನೀಲಿ ನರಗಳು ಹೆಣೆದುಕೊಂಡಿದ್ದವು. ಕಣಕಾಲಿನ ಹತ್ತಿರ ಚರ್ಮ ಕಪ್ಪಾಗಿತ್ತು, ಅಲ್ಲೇ ಒಂದು ಸಣ್ಣ ಬಾಯಿಂದ ರಕ್ತ ಚಿಮ್ಮುತ್ತಿತ್ತು.

ಸರದಿಗೆ ಕಾದಿದ್ದ ರಾಜಣ್ಣ ಪೊನ್ಕುಳಿಯ ಕಡೆಯವರು, ಅರಣ್ಯ ಇಲಾಖೆಯ ವಾಚರ್. ಕಾಡಂಚಿನಲ್ಲಿ ಕಾಲಿಗೆ ಏನಾದರೂ ಮೊದಲು ನೆನಪಾಗುವುದು ಹಾವು. ಅವರು ಹೆಗಲ ಮೇಲಿನ ತೋರ್ತು ಟವೆಲ್ಲನ್ನು ಮಂಡಿಯ ಮೇಲೆ ಬಿಗಿದು ಗಂಟು ಹಾಕಿಬಿಟ್ಟರು.

“ಹಾವು ಎಲ್ಲಯ್ಯ? ಇದು ನನ್ ಕಾಲೇ ಮಾಡಿದ್ದು” ಎಂದರು ಮಾದೇವಣ್ಣ.

“ಸುಮ್ನಿರಿ ಅಣ್ಣ. ಇಂಥಾ ಕಟ್ಟು ನಾನೆಷ್ಟು ಹಾಕಿಲ್ಲ?”

ರಕ್ತ ಹೆಚ್ಚಾಯಿತು. ನಾನು ಪರಿಚಯದ ಡಾಕ್ಟರಿಗೆ ಫೋನ್ ಮಾಡಿದೆ. ಕಟ್ಟು ಬಿಚ್ಚಿ, ಮಲಗಿಸಿ, ಕಾಲು ಎತ್ತರದಲ್ಲಿಟ್ಟು ಒಡೆದ ಜಾಗವನ್ನೇ ಒತ್ತಿ ಹಿಡಿಯಿರಿ ಎಂದರು. ನಾನು ಇಳಿದ ಕುರ್ಚಿಯ ಮೇಲೆ ಮಾದೇವಣ್ಣನ ಕಾಲು, ನೆಲದ ಮೇಲೆ ಮಾದೇವಣ್ಣ, ಮಡಚಿದ ಬಟ್ಟೆಯ ಮೇಲೆ ರಾಜಣ್ಣನ ಹೆಬ್ಬೆರಳು. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು.

“ಈ ಫ್ಯಾನು ಇಷ್ಟು ಕೊಳಕಾಗದೆ ಅಂತ ನೀವ್ಯಾರೂ ಹೇಳ್ನಿಲ್ಲವಲ್ಲ” ಎಂದರು, ಮಲಗಿದಲ್ಲಿಂದಲೇ. ಆಮೇಲೆ ನನ್ನ ಕಡೆ ನೋಡಿ, “ಅರ್ಧ ತಲೇಲಿ ಆಸ್ಪತ್ರೆಗೆ ಬರಬ್ಯಾಡಿ. ನನ್ ಹೆಸರು ಕೆಡ್ತದೆ.” ನಾನು ಹಾಗೇ ಹೋದೆ.

ಸ್ಕ್ಯಾನ್ ನೋಡಿ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕಾಲಿನ ರಕ್ತ ಮೇಲೇರುವ ದಾರಿಯಲ್ಲಿ ಸಣ್ಣ ಕವಾಟಗಳಿರುತ್ತವೆ. ಅವು ಸಡಿಲವಾದರೆ ರಕ್ತ ಕೆಳಗಿಳಿದು ನಿಲ್ಲುತ್ತದೆ, ನರ ಉಬ್ಬುತ್ತದೆ. ಮೇಲೆ ಬಿಗಿದು ಕಟ್ಟಿದರೆ ಏರುವ ದಾರಿ ಇನ್ನಷ್ಟು ಮುಚ್ಚಿ, ಒಡೆದಲ್ಲಿಂದ ಹೊರಬರುತ್ತದೆ. ಕೆಟ್ಟ ನರವನ್ನು ಲೇಸರಿನಿಂದ ಮುಚ್ಚಬೇಕು.

“ನರ ಸುಟ್ರೆ ಕಾಲು ಒಣಗಕ್ಕಿಲ್ವಾ?”

“ಅದು ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಒಳಗೆ ಬೇರೆ ದೊಡ್ಡ ದಾರಿಗಳಿವೆ.”

ಮಾದೇವಣ್ಣ ಇನ್ನೊಂದೇ ಪ್ರಶ್ನೆ ಕೇಳಿದರು. “ಮತ್ತೆ ನಿಂತ್ಕಂಡು ಕೆಲ್ಸ ಮಾಡಬೌದಾ?”

ನಡೆಯಬಹುದು, ನಡೆಯಲೇಬೇಕು, ಆಗ ಮೀನಖಂಡವೇ ರಕ್ತವನ್ನು ಮೇಲೆ ತಳ್ಳುತ್ತದೆ ಎಂದರು ಡಾಕ್ಟರು. ದಿನವಿಡೀ ಒಂದೇ ಕಡೆ ನಿಲ್ಲುವುದು ಮಾತ್ರ ಬೇಡ, ಕೂತು ಕತ್ತರಿಸಲು ಕಲಿಯಿರಿ. ಮಾದೇವಣ್ಣ ಮೂರು ವಾರ ಆಸ್ಪತ್ರೆಯ ಕಡೆ ತಲೆಯೂ ಹಾಕಲಿಲ್ಲ. ನಾಲ್ಕನೇ ವಾರ ಕಣಕಾಲಿನ ಕಪ್ಪು ಜಾಗ ಹುಣ್ಣಾಯಿತು. ಆಗ ತಾವೇ ಫೋನ್ ಮಾಡಿ, “ಯಾವಾಗ ಹೋಗಣ?” ಎಂದರು.

ಲೇಸರ್ ಆದ ದಿನವೇ ವಾರ್ಡಿನಲ್ಲಿ ನಡೆದರು. ಹುಣ್ಣು ಒಣಗಲು ತಿಂಗಳುಗಳೇ ಹಿಡಿದವು. ಮತ್ತೆ ಅಂಗಡಿ ತೆರೆದಾಗ ಕಾಲಿಗೆ ಬಿಗಿ ಕಾಲುಚೀಲವಿತ್ತು, ಸ್ಟೂಲು ಕುರ್ಚಿಯ ಪಕ್ಕಕ್ಕೆ ಬಂದಿತ್ತು. ಮೊದಲ ಗಿರಾಕಿ ನಾನು. ಅವರು ಸ್ಟೂಲಿನ ಮೇಲೆ ಕೂತು, ಕುರ್ಚಿಯನ್ನು ತಿರುಗಿಸುತ್ತಾ, ಉಸಿರು ಬಿಗಿಹಿಡಿದು ಕತ್ತರಿಸಿದರು. ಮುಗಿದಾಗ ಎಡಭಾಗ ಬಲಕ್ಕಿಂತ ಗಿಡ್ಡವಾಗಿತ್ತು.

ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. “ಪೇಪರ್ನೋರೆ, ಮನೇಲಿ ಟೋಪಿ ಅದಾ?”

ಆ ವಾರವೇ ಅಂಗಡಿ ಮುಚ್ಚಿ, ಕತ್ತರಿ ಬಾಚಣಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಮೈಸೂರು ಬಸ್ಸು ಹತ್ತಿದರು. ಈಗ ಗುಂಡ್ಲುಪೇಟೆ ಹತ್ತಿರದ ಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ನಾನು ಮತ್ತೆ ಅವರನ್ನು ನೋಡಿಲ್ಲ.

ಕಳೆದ ಭಾನುವಾರ ಫೋನ್ ಮಾಡಿದೆ. ಅಕ್ಕ ಎತ್ತಿದರು.

“ನಡೆಯಕ್ಕೆ ಹೋಗವ್ನೆ. ಬೆಳಗ್ಗೆ ಜಗಲೀಲಿ ಇಬ್ಬರಿಗೆ ಕಟಿಂಗ್ ಮಾಡ್ದ.”

ಕೂತು ಮಾಡಿದರೋ ನಿಂತೋ ಎಂದು ಕೇಳಿದೆ.

“ಒಬ್ಬನಿಗೆ ಕೂತ್ಕಂಡು, ಒಬ್ಬನಿಗೆ ನಿಂತ್ಕಂಡು” ಎಂದರು.